‘ಬೆಟ್ಟದ ಜೀವ’: ಪುಸ್ತಕದಿಂದ ಪರದೆಗೆ – ಪರೀಕ್ಷೆಗೆ ಮುಖ್ಯಾಂಶಗಳು

ಕೃತಿ
• ಕಾದಂಬರಿ: ಬೆಟ್ಟದ ಜೀವ (1943). ಲೇಖಕರು: ಕೋಟ ಶಿವರಾಮ ಕಾರಂತ (1902–1997).
• ಕಾರಂತರು ದಶಕಗಳ ಕಾಲ ನೆಲೆಸಿದ್ದು ಪುತ್ತೂರಿನಲ್ಲಿ. ಅವರ ಮನೆ ‘ಬಾಲವನ’ ಇರುವುದು ಅಲ್ಲಿನ ಪರ್ಲಡ್ಕದಲ್ಲಿ.
• ಕಥೆಯ ನೆಲ: ಸುಬ್ರಹ್ಮಣ್ಯ, ಕುಮಾರ ಪರ್ವತದ ಆಸುಪಾಸಿನ ಕಾಡು, ಅಡಿಕೆ ತೋಟ. ಪುತ್ತೂರಿನ ದರ್ಬೆಯಿಂದ ಕಾಣಿಯೂರು ದಾರಿಯಲ್ಲಿ ಸುಬ್ರಹ್ಮಣ್ಯಕ್ಕೆ ಹೊರಟವರಿಗೆ ಇದು ನೆರೆಮನೆಯ ಕಥೆ. ಸುಬ್ರಹ್ಮಣ್ಯ ಈಗ ಕಡಬ ತಾಲೂಕಿನಲ್ಲಿದೆ.

ಕಥಾಸಾರ
• ದಾರಿ ತಪ್ಪಿದ ಶಿವರಾಮಯ್ಯನನ್ನು ದೇರಣ್ಣ ಮತ್ತು ಬಟ್ಯ ಗೋಪಾಲಯ್ಯನ ಮನೆಗೆ ಕರೆತರುತ್ತಾರೆ.
• ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದ ಛಲಗಾರ. ಹೆಂಡತಿ ಶಂಕರಮ್ಮ. ಮನೆ ಬಿಟ್ಟು ಹೋದ ಮಗ ಶಂಭುವಿನ ಕೊರಗು ಇಬ್ಬರನ್ನೂ ಒಳಗೇ ಸುಡುತ್ತಿರುತ್ತದೆ.
• ಸಾಕಿ ಬೆಳೆಸಿದ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿ ಕಾಟುಮೂಲೆಯ ತೋಟ ನೋಡಿಕೊಳ್ಳುತ್ತಾರೆ.

ಪ್ರೀತಿ ಮತ್ತು ನಗು (ವಿವರಣಾತ್ಮಕ ಉತ್ತರಕ್ಕೆ)
• ಇದು ಹರೆಯದವರ ಪ್ರೇಮಕಥೆಯಲ್ಲ. ಆದರೂ ಒಲವಿನ ಹಾಸ್ಯ ಇಲ್ಲಿ ತುಂಬಿದೆ. ಬಂದ ಅತಿಥಿಯ ಎದುರೇ ಗೋಪಾಲಯ್ಯ ಹೆಂಡತಿಯನ್ನು ಛೇಡಿಸುತ್ತಾನೆ; ಆಕೆ ಹುಸಿಮುನಿಸು ತೋರುತ್ತಲೇ ಉಪಚಾರ ಮುಂದುವರಿಸುತ್ತಾಳೆ.
• ಆ ನಗುವಿನ ಅಡಿಯಲ್ಲಿ ಮಗನ ನೋವಿದೆ. ಒಬ್ಬರ ದುಃಖ ಇನ್ನೊಬ್ಬರಿಗೆ ಭಾರವಾಗದಿರಲಿ ಎಂಬ ಕಾಳಜಿಯೇ ಈ ದಾಂಪತ್ಯದ ಪ್ರೇಮ.

ಚಲನಚಿತ್ರ
• ನಿರ್ದೇಶನ: ಪಿ. ಶೇಷಾದ್ರಿ. ಬಿಡುಗಡೆ: 2011.
• ಗೋಪಾಲಯ್ಯ: ದತ್ತಣ್ಣ (ಎಚ್.ಜಿ. ದತ್ತಾತ್ರೇಯ). ಶಂಕರಮ್ಮ: ರಾಮೇಶ್ವರಿ ವರ್ಮ. ಶಿವರಾಮು (ಕಾದಂಬರಿಯ ಶಿವರಾಮಯ್ಯ): ಸುಚೇಂದ್ರ ಪ್ರಸಾದ್.
• ಪ್ರಶಸ್ತಿ: 58ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ (2010ರ ಸಾಲು) ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರ.

ರೂಪಾಂತರ: ಹೋಲಿಕೆ
• ಕಾದಂಬರಿಯಲ್ಲಿ ಶಿವರಾಮಯ್ಯ ‘ನಾನು’ ಎಂದು ಕಥೆ ಹೇಳುತ್ತಾನೆ. ಪರದೆಯ ಮೇಲೆ ಅವನೂ ನಮ್ಮ ಕಣ್ಣೆದುರಿನ ಒಂದು ಪಾತ್ರ. ಅವನ ಮನಸ್ಸಿನ ಮಾತನ್ನು ಮುಖಭಾವ, ಮೌನ, ಕಾಡಿನ ಸದ್ದು ಹೇಳಬೇಕು.
• ಹೋಲಿಕೆಗೆ ಬೇರೆ ಬಗೆಯ ರೂಪಾಂತರವೊಂದು: 2010ರಲ್ಲಿ ಹೊರಬಂದ ‘ಸ್ಕಾಟ್ ಪಿಲ್‌ಗ್ರಿಮ್ ವರ್ಸಸ್ ದ ವರ್ಲ್ಡ್’, ಚಿತ್ರಕಾದಂಬರಿ (ಗ್ರಾಫಿಕ್ ನಾವೆಲ್) ಆಧಾರಿತ ಪ್ರೇಮಹಾಸ್ಯ ಚಿತ್ರ. ಮೂಲ: ಕೆನಡಾದ ಬ್ರಯಾನ್ ಲೀ ಒ'ಮ್ಯಾಲಿ, 6 ಸಂಪುಟ (2004–2010). ನಿರ್ದೇಶನ: ಎಡ್ಗರ್ ರೈಟ್. ನಾಯಕಿಯ 7 ಮಂದಿ ಹಳೆಯ ಸಂಗಾತಿಗಳನ್ನು ನಾಯಕ ಸೋಲಿಸಬೇಕು.
• ವ್ಯತ್ಯಾಸ: ಚಿತ್ರಕಾದಂಬರಿಯಲ್ಲಿ ಚೌಕಟ್ಟು, ಮುಖಭಾವ ಮೊದಲೇ ಬರೆದಿರುತ್ತವೆ. ಸದ್ದಿನ ಅಕ್ಷರಗಳನ್ನೂ ರೈಟ್ ಪರದೆಗೆ ತಂದರು. ಕಾರಂತರ ಪುಟದಲ್ಲಿರುವುದು ಮಾತು ಮಾತ್ರ. ಚಿತ್ರವನ್ನು ನಿರ್ದೇಶಕರೇ ಕಾಣಬೇಕು.

ಕಾರಂತರ ಇತರ ಕಾದಂಬರಿಗಳು ತೆರೆಯಲ್ಲಿ
• ಚೋಮನ ದುಡಿ: ಕಾದಂಬರಿ 1933, ಚಿತ್ರ 1975, ನಿರ್ದೇಶನ ಬಿ.ವಿ. ಕಾರಂತ, ಸ್ವರ್ಣಕಮಲ. ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ.
• ಚಿಗುರಿದ ಕನಸು: ನಿರ್ದೇಶನ ಟಿ.ಎಸ್. ನಾಗಾಭರಣ, ನಾಯಕ ಶಿವರಾಜ್‌ಕುಮಾರ್.
• ಮೂಕಜ್ಜಿಯ ಕನಸುಗಳು: ಜ್ಞಾನಪೀಠ ತಂದ ಕೃತಿ, ಚಿತ್ರ 2019, ನಿರ್ದೇಶನ ಪಿ. ಶೇಷಾದ್ರಿ.

ನೆನಪಿಡಿ
ಇಸವಿ, ಹೆಸರು ಬರೆದರೆ ಅಂಕ ಬರುತ್ತದೆ. ಆದರೆ ಗೋಪಾಲಯ್ಯ ದಂಪತಿಯ ನಗು ಏಕೆ ನಮ್ಮ ಕಣ್ಣು ತೇವ ಮಾಡುತ್ತದೆ ಎಂದು ಬರೆಯಲು ಪುಸ್ತಕ ಓದಿರಬೇಕು. ಮೊದಲು ಕಾದಂಬರಿ ಓದಿ, ಆಮೇಲೆ ಚಿತ್ರ ನೋಡಿ.