ಶಾಲೆಯ ಮೆಟ್ಟಿಲು ಹತ್ತಿದ್ದೀರಾ?

ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ನೀವು ಎಷ್ಟು ಸಲ ಆ ಶಾಲೆಯ ಮೆಟ್ಟಿಲು ಹತ್ತಿದ್ದೀರಿ? ಶುಲ್ಕ ಕಟ್ಟಲು ಹೋದದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ. ಸಂತಾನವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದನ್ನು ದಿನವಿಡೀ ಇನ್ನೊಬ್ಬರ ಕೈಗೊಪ್ಪಿಸುವಾಗ ಅವರ ಮುಖಪರಿಚಯವಾದರೂ ಬೇಡವೇ?

ಇಮಾಮ್ ಶಾಫಿಈ(ರ) ಹಿಜರಿ 150ರಲ್ಲಿ ಗಾಝಾದಲ್ಲಿ ಹುಟ್ಟಿದರು. ತಂದೆಯಿಲ್ಲದ ಮಗುವನ್ನು ತಾಯಿ ಎಳವೆಯಲ್ಲೇ ಮಕ್ಕಾಕ್ಕೆ ಕರೆತಂದರು. ಗುರುಗಳಿಗೆ ಕೊಡಲು ಆ ತಾಯಿಯ ಬಳಿ ಏನೂ ಇರಲಿಲ್ಲ. ತಾನು ಹೊರಹೋದಾಗ ಹುಡುಗನು ಇತರ ಮಕ್ಕಳನ್ನು ನೋಡಿಕೊಂಡರೆ ಅದೇ ಸಾಕೆಂದು ಗುರುಗಳು ಒಪ್ಪಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಮನೆಯ ಸ್ಥಿತಿ ಗುರುವಿಗೆ ತಿಳಿದಿರದಿದ್ದರೆ ಆ ದಾರಿ ತೆರೆಯುತ್ತಿತ್ತೇ?

ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ನಾನೇ ಉದಾಹರಣೆ. ದಕ್ಷಿಣ ಕನ್ನಡದ ಶಾಲೆಯೊಂದರಲ್ಲಿ ನನ್ನ ತರಗತಿಯ ಹುಡುಗನೊಬ್ಬ ಮೊದಲ ಪಾಠಕ್ಕೇ ತೂಕಡಿಸುತ್ತಿದ್ದ. ಸೋಮಾರಿಯೆಂದು ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಮನೆಗೆ ಚೀಟಿ ಕಳುಹಿಸಿದರೂ ಯಾರೂ ಬರಲಿಲ್ಲ. ಎರಡು ತಿಂಗಳ ಬಳಿಕ ತಾಯಿ ಬಂದು ಬಾಗಿಲ ಬಳಿಯೇ ನಿಂತರು.

"ಮಾಷ್ಟ್ರೇ, ನನಗೆ ಸರಿಯಾಗಿ ಕನ್ನಡ ಬರುವುದಿಲ್ಲ."

ಇಷ್ಟು ದಿನ ಅವರನ್ನು ತಡೆದದ್ದು ಇದೇ! ನನ್ನ ಮನೆಮಾತೂ ಬ್ಯಾರಿಯೇ. ಅದರಲ್ಲೇ ಮಾತನಾಡಿದಾಗ ವಿಷಯ ಹೊರಬಂತು. ತಂದೆಗೆ ಸೌದಿಯ ಅಂಗಡಿಯೊಂದರಲ್ಲಿ ಕೆಲಸ. ಅಲ್ಲಿ ರಾತ್ರಿ ಹತ್ತಕ್ಕೆ ಬಿಡುವಾಗಿ ಫೋನ್ ಮಾಡುವಾಗ ಇಲ್ಲಿ ಹನ್ನೆರಡೂವರೆ. ತಂದೆಯ ಧ್ವನಿ ಕೇಳದೆ ಹುಡುಗ ಮಲಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಮದ್ರಸ. ಎರಡು ತಿಂಗಳು ನಾನು ಶಿಕ್ಷಿಸಿದ್ದು ಆ ಪ್ರೀತಿಯನ್ನು. ತಾಯಿಯಲ್ಲೂ ಹುಡುಗನಲ್ಲೂ ಕ್ಷಮೆ ಕೇಳಿದೆ. ಮುಂದೆ ಮಗನೊಂದಿಗಿನ ಮಾತು ಶುಕ್ರವಾರ ಜುಮುಅದ ಬಿಡುವಿಗೆ ಬದಲಾಯಿತು. ತೂಕಡಿಕೆ ಬಹುಮಟ್ಟಿಗೆ ನಿಂತಿತು.

ಚೀಟಿ ಕಳುಹಿಸಿ ಸುಮ್ಮನಾದ ತಪ್ಪು ನನ್ನದೇ. ಕೆಲವು ಅಧ್ಯಾಪಕರಿಗೆ ಹೆತ್ತವರ ನೆನಪಾಗುವುದು ದೂರು ಹೇಳಲಿಕ್ಕೆ ಮಾತ್ರ. ಹೆತ್ತವರೂ ಕಡಿಮೆಯೇನಿಲ್ಲ. ಪ್ರಗತಿ ಪತ್ರಕ್ಕೆ ಮಗನೇ ತಂದೆಯ ಸಹಿ ಹಾಕಿ ತಂದದ್ದನ್ನು ಕಂಡಿದ್ದೇನೆ; ಅಸಲಿಗಿಂತ ಅದೇ ಸೊಗಸಾಗಿತ್ತು!

ಸರಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಇನ್ನೊಂದು ವಿಷಯ ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರೇ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ಇದನ್ನು ಎಸ್‌ಡಿಎಂಸಿ ಎನ್ನುತ್ತಾರೆ. ಅನುದಾನ ಹೇಗೆ ಖರ್ಚಾಯಿತೆಂದು ನೋಡುವ ಅಧಿಕಾರವೂ ಅದಕ್ಕಿದೆ. ನಮ್ಮ ಸಹೋದರಿಯರು ಆ ಕುರ್ಚಿಯನ್ನು ಖಾಲಿ ಬಿಡುವುದೇಕೆ?

ಶಾಲೆಗೆ ಹೋದಾಗ ಅಂಕಗಳ ವಿಚಾರ ಕೊನೆಗಿರಲಿ. ಮಗು ಯಾರ ಪಕ್ಕ ಕುಳಿತುಕೊಳ್ಳುತ್ತದೆ, ಪ್ರಶ್ನೆ ಕೇಳುತ್ತದೆಯೇ, ಮಧ್ಯಾಹ್ನ ಸರಿಯಾಗಿ ಉಣ್ಣುತ್ತದೆಯೇ ಎಂದು ಮೊದಲು ವಿಚಾರಿಸಿ. ಮನೆಯಲ್ಲಿ ರೋಗವೋ ಸಾಲವೋ ಇದ್ದರೆ ಅಧ್ಯಾಪಕರ ಕಿವಿಗೆ ಹಾಕಿ. ಭಾಷೆಯ ಅಳುಕಿದ್ದರೆ ನೆರೆಮನೆಯ ಓದಿದ ಹುಡುಗಿಯನ್ನು ಜೊತೆಗೆ ಕರೆದೊಯ್ಯಿರಿ.