ಇರುನೆಲೆಯ ಅರಿವು ಮತ್ತು ಖಾಸಗಿತನದ ರಕ್ಷಣೆ

ತಾನಿರುವ ತಾಣವನ್ನು ನಿಖರವಾಗಿ ಅರಿತುಕೊಳ್ಳಬೇಕೆಂಬ ಹಂಬಲ ಮಾನವನಿಗೆ ಬಹು ಪುರಾತನವಾದುದು. ನಾವಿಕನು ಧ್ರುವನಕ್ಷತ್ರವನ್ನು ನೆಚ್ಚಿದನು. ದಾರಿಗನು ಊರ ಹೊರಗಿನ ಆಲದ ಮರವನ್ನೂ ಗುಡಿಯ ಗೋಪುರವನ್ನೂ ಗುರುತಾಗಿ ಇರಿಸಿಕೊಂಡನು. 1948ರಲ್ಲಿ ಉದಯಿಸಿದ ಜಯನಗರದಂತಹ ಬಡಾವಣೆಗಳಲ್ಲಿ ಬ್ಲಾಕು, ಮೇನ್, ಕ್ರಾಸುಗಳ ಅಂಕಿಗಳೇ ಹೊಸಬರಿಗೆ ಕೈಮರಗಳಾದವು. ವಿಳಾಸ ಹುಡುಕುತ್ತ ಬಂದವನು ಮೂಲೆಯ ಅಂಗಡಿಯಲ್ಲಿ ದಾರಿ ಕೇಳುತ್ತಿದ್ದನು. ಅಂಗಡಿಯಾತನು ಕೈತೋರಿ, ಸಂಜೆಯೊಳಗೆ ಅವನನ್ನು ಮರೆತುಬಿಡುತ್ತಿದ್ದನು. ಆ ಮರೆವು ಕೂಡ ಒಂದು ಬಗೆಯ ರಕ್ಷಣೆಯಾಗಿತ್ತೆಂಬುದು ಅಂದು ಯಾರಿಗೂ ಹೊಳೆದಿರಲಿಲ್ಲ. ಇಂದು ದಾರಿ ಹೇಳುವುದು ಅಂಗೈಯಲ್ಲಿರುವ ಮೊಬೈಲ್ ದೂರವಾಣಿ. ಅದು ದಾರಿಯನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಕೇಳಿದವನನ್ನು ತಾನಾಗಿ ಮರೆಯುವುದಿಲ್ಲ. ಈ ಸಾಧನದ ಕಾರ್ಯವಿಧಾನವನ್ನೂ ಅದರಿಂದ ಒದಗುವ ಸೌಕರ್ಯ ಸಂಕಟಗಳನ್ನೂ ಅರಿತಿರುವುದು ಶಿಕ್ಷಕರಿಗೂ ಪಾಲಕರಿಗೂ ಅವಶ್ಯಕವಾಗಿದೆ.

ಉಪಗ್ರಹಕ್ಕೆ ತಿಳಿಯದ ಸಂಗತಿ

ಆಕಾಶದಲ್ಲಿರುವ ಉಪಗ್ರಹವು ಪ್ರತಿಯೊಬ್ಬರನ್ನೂ ಸದಾ ನೋಡುತ್ತಿರುತ್ತದೆ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಇದು ಸರಿಯಲ್ಲ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ, ತಮ್ಮ ಸ್ಥಾನವನ್ನೂ ವೇಳೆಯನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ಅವು ಬಂದು ತಲುಪಿದ ವೇಳೆಯ ಅಂತರದಿಂದ ತನ್ನ ತಾಣವನ್ನು ಲೆಕ್ಕಹಾಕುವುದು ದೂರವಾಣಿಯೇ. ಈ ಲೆಕ್ಕ ಎಷ್ಟು ಸೂಕ್ಷ್ಮವಾದುದೆಂದರೆ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಾದರೂ ದೂರದಲ್ಲಿ ಸುಮಾರು 300 ಮೀಟರುಗಳ ವ್ಯತ್ಯಾಸ ತಲೆದೋರುತ್ತದೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 2013ರಲ್ಲಿ ಇಸ್ರೋ ಸಂಸ್ಥೆಯು ಆರಂಭಿಸಿದ ಕೇಂದ್ರವನ್ನು ಆಧಾರವಾಗಿ ಹೊಂದಿರುವ ಭಾರತದ ನಾವಿಕ್ ವ್ಯವಸ್ಥೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಯಾವ ಮನೆಯಲ್ಲಿ ಯಾರು ರೇಡಿಯೋ ಕೇಳುತ್ತಿದ್ದಾರೆಂದು ಆಕಾಶವಾಣಿಗೆ ಹೇಗೆ ತಿಳಿಯದೋ ಹಾಗೆಯೇ ಯಾರು ಎಲ್ಲಿದ್ದಾರೆಂಬುದು ಈ ಉಪಗ್ರಹಗಳಿಗೆ ತಿಳಿಯದು.

ಹಾಗಾದರೆ ಗುಟ್ಟು ಹೊರಬೀಳುವುದು ಎಲ್ಲಿ? ನೆಲದ ಮೇಲೆ. ದೂರವಾಣಿಯು ಕರೆಗಳಿಗಾಗಿ ಹತ್ತಿರದ ಗೋಪುರದೊಡನೆ ಸಂಪರ್ಕದಲ್ಲಿ ಇರಲೇಬೇಕಾದುದರಿಂದ, ಬಳಸುವವನು ಯಾವ ಪ್ರದೇಶದಲ್ಲಿದ್ದಾನೆಂಬುದು ದೂರವಾಣಿ ಸಂಸ್ಥೆಗೆ ತಿಳಿದೇ ತಿಳಿಯುತ್ತದೆ. ಸುತ್ತಲಿನ ವೈ-ಫೈ ಮತ್ತು ಬ್ಲೂಟೂತ್ ಸಾಧನಗಳ ಗುರುತುಗಳಿಂದಲೂ ತಾಣವನ್ನು ಕಂಡುಹಿಡಿಯಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ, ದೂರವಾಣಿಯು ತನ್ನೊಳಗೆ ಲೆಕ್ಕಹಾಕಿಕೊಂಡ ತಾಣವನ್ನು ಅದರಲ್ಲಿ ಅಳವಡಿಸಿದ ನಾನಾ ಆ್ಯಪ್‌ಗಳು ಕೇಳಿ ಪಡೆದು ತಮ್ಮ ಸಂಸ್ಥೆಗಳಿಗೆ ಕಳುಹಿಸುತ್ತವೆ. ತಾಣವನ್ನು ಅರಿಯುವುದು ಒಂದು ಕ್ರಿಯೆ; ಅದನ್ನು ಪರರಿಗೆ ಕೊಡುವುದು ಇನ್ನೊಂದು ಕ್ರಿಯೆ. ಈ ಭೇದವನ್ನು ತಿಳಿಯುವುದೇ ಪಾಠದ ಮೊದಲ ಮೆಟ್ಟಿಲು.

ದಶಾಂಶದ ಅಂಕಿಗಳ ಮಹತ್ತ್ವ

ಕೊಡುವುದರಲ್ಲಿಯೂ ತರತಮವುಂಟು. ಜಯನಗರದ ಅಕ್ಷಾಂಶ ಸುಮಾರು 12.93 ಡಿಗ್ರಿ, ರೇಖಾಂಶ ಸುಮಾರು 77.58 ಡಿಗ್ರಿ. ದಶಾಂಶದ ಎರಡನೆಯ ಅಂಕಿ ಒಂದರಷ್ಟು ಬದಲಾದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರ್ ಸರಿದಂತಾಗುತ್ತದೆ. ನಾಲ್ಕನೆಯ ಅಂಕಿ ಬದಲಾದರೆ ಕೇವಲ ಹನ್ನೊಂದು ಮೀಟರ್. ಅಂದರೆ ಎರಡು ಅಂಕಿಗಳು ಬಡಾವಣೆಯನ್ನು ಹೇಳುತ್ತವೆ, ನಾಲ್ಕು ಅಂಕಿಗಳು ಮನೆಯ ಬಾಗಿಲನ್ನೇ ತೋರಿಸುತ್ತವೆ. ಸಂಜೆ ಮಳೆ ಬರುವುದೇ ಎಂದು ತಿಳಿಯಲು ಎರಡು ಅಂಕಿಗಳು ಸಾಕು. ಬನಶಂಕರಿಯ ಒಂದು ಮನೆಯಲ್ಲಿ ವೃದ್ಧರೊಬ್ಬರಿಗೆ ಎದೆನೋವು ಬಂದು ಆಂಬುಲೆನ್ಸ್ ಕರೆಯುವಾಗ ನಾಲ್ಕೂ ಬೇಕು. ಆಗ ಜಿಪುಣತನ ಸಲ್ಲದು. ಕೆಲಸಕ್ಕೆ ಬೇಕಾದಷ್ಟು ಮಾತ್ರ ಕೊಡುವುದು ವಿವೇಕ. ದೂರವಾಣಿಗಳ ತಯಾರಕರೂ ಇದನ್ನು ಮನಗಂಡು, 2020 ಮತ್ತು 2021ರಲ್ಲಿ ಬಂದ ಆವೃತ್ತಿಗಳಿಂದ ‘ನಿಖರ ತಾಣ’, ‘ಅಂದಾಜು ತಾಣ’ ಎಂಬ ಎರಡು ಆಯ್ಕೆಗಳನ್ನು ಒದಗಿಸಿದ್ದಾರೆ.

ದಿನಚರಿಯೇ ಹೆಸರಾಗುವ ಬಗೆ

ಹೆಸರನ್ನು ಅಳಿಸಿ ತಾಣಗಳನ್ನಷ್ಟೇ ಇರಿಸಿಕೊಂಡರೆ ದೋಷವಿಲ್ಲವೆಂದು ಕೆಲವರು ವಾದಿಸುತ್ತಾರೆ. ಯೂರೋಪಿನ ಒಂದು ದೇಶದ ಸುಮಾರು 15 ಲಕ್ಷ ಜನರ ಹದಿನೈದು ತಿಂಗಳ ಸಂಚಾರವನ್ನು ಪರಿಶೀಲಿಸಿದ ವಿಜ್ಞಾನಿಗಳು 2013ರಲ್ಲಿ ಈ ವಾದದ ಪೊಳ್ಳುತನವನ್ನು ಪ್ರಕಟಪಡಿಸಿದರು. ಎಲ್ಲಿ, ಯಾವ ಹೊತ್ತಿನಲ್ಲಿ ಎಂಬ ನಾಲ್ಕೇ ನಾಲ್ಕು ಸಂಗತಿಗಳು ತಿಳಿದರೆ, ನೂರರಲ್ಲಿ ತೊಂಬತ್ತೈದು ಮಂದಿಯ ಜಾಡನ್ನು ಉಳಿದವರ ಜಾಡುಗಳಿಂದ ಬೇರ್ಪಡಿಸಬಹುದೆಂದು ಅವರು ತೋರಿಸಿಕೊಟ್ಟರು.

ಇದನ್ನು ನಮ್ಮ ಬೀದಿಗಳಿಗೇ ಅನ್ವಯಿಸಿ ನೋಡಬಹುದು. ಜೆ.ಪಿ. ನಗರದ ಒಂದು ಮನೆಯಲ್ಲಿ ರಾತ್ರಿ ತಂಗುವ, ಬೆಳಿಗ್ಗೆ ಆರ್.ವಿ. ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಬದಲಿಸುವ, ಶನಿವಾರ ರಾಗಿಗುಡ್ಡದ ದೇವಾಲಯಕ್ಕೆ ಹೋಗುವ, ತಿಂಗಳಿಗೊಮ್ಮೆ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಅರ್ಧ ದಿನ ಕಳೆಯುವ ದೂರವಾಣಿಯೊಂದು ಇದೆಯೆಂದು ಭಾವಿಸೋಣ. ಅದರ ಒಡೆಯನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಅವನ ಮನೆ, ಉದ್ಯೋಗ, ನಂಬಿಕೆ, ವ್ಯಾಧಿ ಎಲ್ಲವೂ ಬಯಲಾಗಿವೆ. ಮನೆಯವರಿಂದಲೂ ಮುಚ್ಚಿಟ್ಟ ಕಾಯಿಲೆಯನ್ನು ಕಾಣದ ಸಂಸ್ಥೆಯೊಂದು ಊಹಿಸಬಲ್ಲುದಾದರೆ, ಅದು ಮನುಷ್ಯನ ಘನತೆಗೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ವ್ಯಾಯಾಮದ ದಾಖಲೆಯಿಡುವ ಸ್ಟ್ರಾವಾ ಎಂಬ ಆ್ಯಪ್ ಬಳಕೆದಾರರ ಓಟದ ಹಾದಿಗಳನ್ನೆಲ್ಲ ಒಟ್ಟುಗೂಡಿಸಿ ಭೂಪಟವೊಂದನ್ನು ಪ್ರಕಟಿಸಿದಾಗ, ದೂರದೇಶಗಳಲ್ಲಿದ್ದ ಸೈನಿಕ ನೆಲೆಗಳ ಒಳದಾರಿಗಳೇ ಅದರಲ್ಲಿ ಕಾಣಿಸಿಕೊಂಡುದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತು. ಶಿಸ್ತಿಗೆ ಹೆಸರಾದ ಸೇನೆಗಳೇ ಎಚ್ಚರ ತಪ್ಪಿದ ಎಡೆಯಲ್ಲಿ ಸಾಮಾನ್ಯ ಗೃಹಸ್ಥನ ಪಾಡೇನು?

ಬೆಂಗಳೂರು ಕಂಡ ಅನುಭವ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿ ಹಬ್ಬತೊಡಗಿದಾಗ, ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರವು ಬಹಿರಂಗಪಡಿಸಿತು. ತಿಂಗಳ ಕೊನೆಯಲ್ಲಿ, ಅಂಥವರು ಪ್ರತಿ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ‘ಕ್ವಾರಂಟೈನ್ ವಾಚ್’ ಎಂಬ ಆ್ಯಪ್‌ನಲ್ಲಿ ಕಳುಹಿಸಬೇಕೆಂದು ಆದೇಶವಾಯಿತು; ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಮಾತ್ರ ವಿನಾಯಿತಿ. ಚಿತ್ರದೊಡನೆ ತಾಣದ ಅಂಕಿಗಳೂ ಸೇರಿ ಹೋಗುತ್ತಿದ್ದುದರಿಂದ ಮನೆ ಬಿಟ್ಟವರನ್ನು ಗುರುತಿಸಲು ಸಾಧ್ಯವಿತ್ತು. ಜನರ ಪ್ರಾಣವನ್ನು ಉಳಿಸುವುದೇ ಇದರ ಉದ್ದೇಶವಾಗಿದ್ದಿತೆಂಬುದನ್ನು ಮರೆಯಲಾಗದು. ಆದರೆ ಇವೆರಡು ಕ್ರಮಗಳ ನಡುವಣ ಅಂತರವು ವಿಚಾರಾರ್ಹ. ಎರಡನೆಯದರಲ್ಲಿ ತಾಣದ ಮಾಹಿತಿಯು ವ್ಯಾಧಿಯನ್ನು ತಡೆಯುವ ಹೊಣೆ ಹೊತ್ತ ಅಧಿಕಾರಿಗಳನ್ನು ತಲುಪಿತು. ಮೊದಲನೆಯದರಲ್ಲಿ ಅದು ಕುತೂಹಲಿಗಳಿಗೂ ಕೇರಿಯವರಿಗೂ ಸುಲಭವಾಗಿ ಸಿಕ್ಕಿತು. ಅದೇ ಮಾಹಿತಿ ಕೈ ಬದಲಿಸಿದೊಡನೆ ಕಾವಲು ಹೋಗಿ ಕಳಂಕವಾಗಬಲ್ಲುದು.

ನ್ಯಾಯಪೀಠದ ನಿಲುವು

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದವರಲ್ಲಿ ಬೆಂಗಳೂರಿನ ಹಿರಿಯರೊಬ್ಬರು ಪ್ರಮುಖರೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಕುರಿತು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಾಗ ಅವರಿಗೆ ಎಂಬತ್ತಾರು ವರ್ಷ. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು.

ಆರೋಗ್ಯ ಸೇತು ಆ್ಯಪ್‌ನ ಬಳಕೆದಾರರ ಮಾಹಿತಿಯನ್ನು ಅವರ ತಿಳಿದ ಒಪ್ಪಿಗೆಯಿಲ್ಲದೆ ಹಂಚಬಾರದೆಂದು 2021ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಮಧ್ಯಂತರ ಆಜ್ಞೆ ನೀಡಿತು. ಅಂದು ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಅಭಯ್ ಶ್ರೀನಿವಾಸ ಓಕಾ ಅವರೇ ಸರ್ವೋಚ್ಚ ನ್ಯಾಯಾಲಯದಲ್ಲಿದ್ದಾಗ, 2024ರ ಜುಲೈ 8ರಂದು ಇನ್ನೊಂದು ಮಹತ್ತ್ವದ ತೀರ್ಪು ಹೊರಬಂದಿತು. ಜಾಮೀನು ಪಡೆದ ಆರೋಪಿಯು ತನ್ನ ತಾಣವನ್ನು ಭೂಪಟದ ಮೂಲಕ ಪೋಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು ಆ ತೀರ್ಪು ಹೇಳಿತು. ಆರೋಪಿಗೂ ಇರುವ ಈ ಹಕ್ಕನ್ನು ನಿರಪರಾಧಿಯಾದ ಪ್ರಜೆಯು ಒಂದು ಗುಂಡಿಯನ್ನೊತ್ತಿ ಓದದೆಯೇ ಬಿಟ್ಟುಕೊಡುತ್ತಿರುವುದು ಸೋಜಿಗ.

ಮನೆ ಮತ್ತು ಶಾಲೆಗಳ ಹೊಣೆ

2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಅಧಿನಿಯಮವು ಹದಿನೆಂಟು ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು ವಿಧಿಸುತ್ತದೆ. 2025ರ ನವೆಂಬರಿನಲ್ಲಿ ಪ್ರಕಟವಾದ ಇದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂಥವು. ಆದರೆ ಶಾಸನವು ಕಾಯುವುದಕ್ಕಿಂತ ಮೊದಲು ಅಭ್ಯಾಸವು ಕಾಯಬೇಕು. ಶಾಲೆಯ ವಾಹನದ ತಾಣವನ್ನು ಪಾಲಕರಿಗೆ ತಿಳಿಸುವುದು ಉಪಯುಕ್ತ; ಮಗು ಮನೆ ಸೇರಿದ ಮೇಲೆಯೂ ಆ ದಾಖಲೆಗಳನ್ನು ವರ್ಷಗಟ್ಟಲೆ ಇರಿಸಿಕೊಳ್ಳುವುದು ಅನಗತ್ಯ. ಸಮಾರಂಭಗಳ ಛಾಯಾಚಿತ್ರಗಳಲ್ಲಿಯೂ ತಾಣದ ಅಂಕಿಗಳು ಅಡಗಿರಬಹುದಾದುದರಿಂದ, ಅವನ್ನು ತೆಗೆದು ಹಂಚುವುದು ಲೇಸು.

ಯಾವುದೇ ಆ್ಯಪ್ ತಾಣವನ್ನು ಕೇಳಿದಾಗ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವಂತೆ ಶಿಕ್ಷಕರು ರೂಢಿ ಮಾಡಿಸಬೇಕು. ಕೇಳುತ್ತಿರುವವರು ಯಾರು? ಯಾವ ಕೆಲಸಕ್ಕೆ? ಎಷ್ಟು ನಿಖರವಾಗಿ? ಎಷ್ಟು ಕಾಲದವರೆಗೆ? ಉತ್ತರ ದೊರೆತರೆ ‘ಬಳಸುವಾಗ ಮಾತ್ರ’ ಎಂದು ಅನುಮತಿ ನೀಡಬಹುದು, ದೊರೆಯದಿದ್ದರೆ ನಿರಾಕರಿಸಬಹುದು. ತಿಂಗಳಿಗೊಮ್ಮೆ ಮನೆಯ ಹಿರಿಯರ ದೂರವಾಣಿಯಲ್ಲಿ ಯಾವ ಯಾವ ಆ್ಯಪ್‌ಗಳಿಗೆ ಈ ಅನುಮತಿ ಇದೆಯೆಂದು ಮಕ್ಕಳೇ ಪರೀಕ್ಷಿಸಿ ಹೇಳುವುದು ಒಳ್ಳೆಯ ಗೃಹಪಾಠವಾದೀತು.

ವಿಜ್ಞಾನವು ನೀಡಿದ ಈ ಸೌಲಭ್ಯವನ್ನು ಅಂಜಿ ತ್ಯಜಿಸಬೇಕಾಗಿಲ್ಲ. ಬೀಗದ ಕೈಯನ್ನು ನೆರೆಯವರಿಗೆ ಕೊಡುವ ಗೃಹಸ್ಥನು ಯಾರಿಗೆ, ಏತಕ್ಕೆ ಎಂದು ಯೋಚಿಸಿ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಮರಳಿ ಪಡೆಯುತ್ತಾನೆ. ತನ್ನ ಇರುನೆಲೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರವನ್ನು ವಹಿಸುವುದು ಇಂದಿನ ವಿದ್ಯಾವಂತನ ಲಕ್ಷಣವಾಗಬೇಕು.