ಒಂದೇ ಕಡತ, ಹತ್ತು ಸೂತ್ರ: ಸಮ್ಮೇಳನದ ವೇಳಾಪಟ್ಟಿ ಪುಟ ಕಟ್ಟುವ ಬಗೆ

ಸಮ್ಮೇಳನಕ್ಕೆ ಬಂದವರು ಮೊದಲು ಹುಡುಕುವುದು ವೇಳಾಪಟ್ಟಿಯನ್ನು. ಯಾವ ಗೋಷ್ಠಿ, ಎಷ್ಟು ಹೊತ್ತಿಗೆ, ಯಾವ ಸಭಾಂಗಣದಲ್ಲಿ? ಈ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಸಂಘಟಕರು ಅರ್ಧ ಗೆದ್ದಂತೆ. ಆದರೆ ವೇಳಾಪಟ್ಟಿ ಕೊನೆಯ ಗಳಿಗೆಯವರೆಗೂ ಬದಲಾಗುತ್ತಲೇ ಇರುತ್ತದೆ. ಅತಿಥಿಯ ರೈಲು ತಡವಾಗುತ್ತದೆ, ಪ್ರೊಜೆಕ್ಟರ್ ಕೈಕೊಡುತ್ತದೆ, ಉದ್ಘಾಟನೆ ಲಂಬಿಸಿ ಮುಂದಿನದೆಲ್ಲ ಜರುಗುತ್ತದೆ. ಆಗ ವೆಬ್ ಪುಟದಲ್ಲಿ ಒಂದು ಸಮಯ, ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪಿಡಿಎಫ್‌ನಲ್ಲಿ ಇನ್ನೊಂದು, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಮತ್ತೊಂದು.

ಇದಕ್ಕೆ ಮದ್ದು ಸರಳ. ಇಡೀ ವೇಳಾಪಟ್ಟಿಯನ್ನು ಸರಳ ಪಠ್ಯ ಕಡತದಲ್ಲಿಟ್ಟು, ಉಳಿದೆಲ್ಲವನ್ನೂ ಅದರಿಂದಲೇ ಗಣಕದ ಕೈಯಲ್ಲಿ ತಯಾರಿಸಿಕೊಳ್ಳಬೇಕು. ಬ್ರಸೆಲ್ಸ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಫಾಸ್‌ಡೆಮ್ ಎಂಬ ಮುಕ್ತ ತಂತ್ರಾಂಶ ಸಮ್ಮೇಳನದಲ್ಲಿ ಎರಡೇ ದಿನಕ್ಕೆ ನೂರಾರು ಭಾಷಣಗಳು, ಹತ್ತಾರು ಕೋಣೆಗಳು. ಅಲ್ಲಿ ವೆಬ್ ಪುಟ, ಎಕ್ಸ್‌ಎಂಎಲ್ ಕಡತ, ಕ್ಯಾಲೆಂಡರ್ ಕಡತ ಎಲ್ಲವೂ ಒಂದೇ ಮಾಹಿತಿಯಿಂದ ಹೊರಬೀಳುತ್ತವೆ. ಗಿಗಿಟಿಯಂಥ ಮೊಬೈಲ್ ಆ್ಯಪ್‌ಗಳು ಆ ಎಕ್ಸ್‌ಎಂಎಲ್ ಓದಿಯೇ ಗೋಷ್ಠಿಗಳನ್ನು ತೋರಿಸುತ್ತವೆ. ಅಷ್ಟು ದೊಡ್ಡ ಜಾತ್ರೆಗೆ ಡೇಟಾಬೇಸ್ ಬೇಕಾಗುತ್ತದೆ. ಕಾಲೇಜಿನ ವಿಚಾರ ಸಂಕಿರಣಕ್ಕೋ ಜಿಲ್ಲಾ ಸಾಹಿತ್ಯ ಸಮ್ಮೇಳನಕ್ಕೋ ಒಂದೆರಡು ಪಠ್ಯ ಕಡತ ಸಾಕು. ಅದಕ್ಕೆ ಇಲ್ಲಿವೆ ಹತ್ತು ಸೂತ್ರಗಳು.

1. ತಿದ್ದುವ ಜಾಗ ಒಂದೇ ಇರಲಿ

ಸಮಯ ಬದಲಿಸುವುದು ಮೂಲ ಕಡತದಲ್ಲಿ ಮಾತ್ರ. ತಯಾರಾದ ವೆಬ್ ಪುಟವನ್ನು ತೆರೆದು ಅಲ್ಲೇ ತಿದ್ದಲು ಯಾರಿಗೂ ಅವಕಾಶ ಕೊಡಬೇಡಿ. ಹಾಗೆ ಮಾಡಿದ ತಿದ್ದುಪಡಿ ಮುಂದಿನ ಸಲ ಪುಟ ತಯಾರಾದಾಗ ಅಳಿಸಿಹೋಗುತ್ತದೆ, ಹಳೆಯ ತಪ್ಪು ಮರಳಿ ಬರುತ್ತದೆ. ಮೂಲ ತಿದ್ದಿ, ಒಂದು ಆದೇಶ ಕೊಟ್ಟು, ಹೊಸ ಪುಟ ಪಡೆಯುವುದು ನಿಮಿಷದ ಕೆಲಸವಾಗಿದ್ದರೆ ಯಾರೂ ಅಡ್ಡದಾರಿ ಹಿಡಿಯುವುದಿಲ್ಲ. ಆ ದಾರಿಯನ್ನು ಸಲೀಸು ಮಾಡುವುದೇ ನಿಮ್ಮ ಮೊದಲ ಕೆಲಸ.

2. ಗೋಷ್ಠಿಗೊಂದು ತುಂಡು, ಸಾಲಿಗೊಂದು ವಿವರ

ಕಡತ ತೆರೆದ ಯಾರಿಗೇ ಆದರೂ ಕಂಡ ಕೂಡಲೇ ಅರ್ಥವಾಗಬೇಕು. ಯಾಮಲ್ ಎಂಬ ಸರಳ ಪಠ್ಯ ಮಾದರಿಯಲ್ಲಿ ಹೀಗೆ ಬರೆಯಬಹುದು:

ಗುರುತು: 107
ದಿನ: "2026-01-10"
ಆರಂಭ: "10:30"
ಅವಧಿ: 45
ಸಭಾಂಗಣ: 2
ಶೀರ್ಷಿಕೆ: "ಕನ್ನಡ ಪಠ್ಯದಿಂದ ಧ್ವನಿ"
ಭಾಷಣಕಾರರು: 12
ಸ್ಥಿತಿ: ಖಚಿತ

ಇಲ್ಲಿ ಮುಕ್ತಾಯದ ಸಮಯ ಬರೆದಿಲ್ಲ, ಅವಧಿ ಬರೆದಿದೆ. ಗೋಷ್ಠಿ ಅರ್ಧ ಗಂಟೆ ಮುಂದಕ್ಕೆ ಹೋದರೆ ಒಂದೇ ಸಾಲು ತಿದ್ದಿದರಾಯಿತು, ಮುಕ್ತಾಯವನ್ನು ಪುಟ ತಯಾರಿಸುವ ಸ್ಕ್ರಿಪ್ಟ್ ಲೆಕ್ಕ ಹಾಕುತ್ತದೆ. ಲೆಕ್ಕ ಹಾಕಿ ಪಡೆಯಬಹುದಾದ ಯಾವುದನ್ನೂ ಕೈಯಾರೆ ಬರೆಯಬೇಡಿ.

3. ದಿನ, ಸಮಯ ಬರೆಯುವ ರೀತಿ ಮೊದಲೇ ಗೊತ್ತುಮಾಡಿ

"ಶನಿವಾರ ಬೆಳಗ್ಗೆ ಹತ್ತೂವರೆ" ಎಂಬುದು ಜನರಿಗೆ ಸ್ಪಷ್ಟ, ಗಣಕಕ್ಕಲ್ಲ. ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601ರ ಕ್ರಮವನ್ನೂ 24 ಗಂಟೆಯ ಗಡಿಯಾರವನ್ನೂ ಬಳಸಿ. ಹೀಗೆ ಬರೆದರೆ ಅಕ್ಷರಕ್ರಮದ ಜೋಡಣೆಯೇ ಕಾಲಕ್ರಮದ ಜೋಡಣೆಯೂ ಆಗುತ್ತದೆ.

ಸಮಯವನ್ನು ಉದ್ಧರಣ ಚಿಹ್ನೆಯೊಳಗೆ ಇಡಲು ಮರೆಯಬೇಡಿ. ಯಾಮಲ್ 1.1ರ ನಿಯಮದಲ್ಲಿ ಚಿಹ್ನೆಯಿಲ್ಲದ 10:30 ಅರವತ್ತರ ಮಾನದ ಸಂಖ್ಯೆ, ಅಂದರೆ 630. ಆದರೆ 09:30 ಸೊನ್ನೆಯಿಂದ ಶುರುವಾಗುವುದರಿಂದ ಪಠ್ಯವಾಗಿಯೇ ಉಳಿಯುತ್ತದೆ. ಒಂದೇ ಕಡತದಲ್ಲಿ ಕೆಲವು ಸಮಯ ಸರಿ, ಕೆಲವು ವಿಚಿತ್ರ ಎಂದು ಕಂಡರೆ ಕಾರಣ ಬಹುಮಟ್ಟಿಗೆ ಇದೇ. 2009ರ ಯಾಮಲ್ 1.2 ಈ ನಿಯಮವನ್ನು ಕೈಬಿಟ್ಟಿದೆ. ಆದರೂ ಪೈಥಾನ್‌ನ ಜನಪ್ರಿಯ ಪೈಯಾಮಲ್ ಹಳೆಯ ನಿಯಮದಂತೆಯೇ ಓದುತ್ತದೆ.

ಕಡತದೊಳಗೆ ಅಂಕಿಗಳು 0ಯಿಂದ 9ರವರೆಗಿನ ರೂಪದಲ್ಲೇ ಇರಲಿ. ಪುಟದಲ್ಲಿ ೧೦:೩೦ ಎಂದು ಕನ್ನಡ ಅಂಕಿಯಲ್ಲಿ ತೋರಿಸುವ ಆಸೆ ಒಳ್ಳೆಯದೇ, ಅದನ್ನು ಪುಟಕ್ಕೆ ರೂಪ ಕೊಡುವ ಟೆಂಪ್ಲೇಟ್ ಮಾಡಲಿ. ಪೈಥಾನ್ ಕನ್ನಡ ಅಂಕಿಯನ್ನು ಸಂಖ್ಯೆಯಾಗಿ ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಮೂಲದಲ್ಲಿ ಎರಡೂ ಬೆರೆತರೆ ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಿಲ್ಲುತ್ತದೆ.

4. ಹೆಸರಿನಿಂದ ಹುಡುಕಬೇಡಿ, ಗುರುತಿನ ಸಂಖ್ಯೆ ಕೊಡಿ

ಭಾಷಣಕಾರರ ಹೆಸರು, ಪರಿಚಯ, ಭಾವಚಿತ್ರಗಳಿಗೆ ಬೇರೆ ಕಡತ ಮಾಡಿ. ಗೋಷ್ಠಿಯ ಕಡತದಲ್ಲಿ ಅವರ ಸಂಖ್ಯೆ ಮಾತ್ರ ಇರಲಿ. ಮೂರು ಗೋಷ್ಠಿಗಳಲ್ಲಿ ಮಾತನಾಡುವವರ ಹೆಸರಿನ ಕಾಗುಣಿತ ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಕನ್ನಡದಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ರಾಜ್‌ಕುಮಾರ್ ಎಂದು ಸರಿಯಾಗಿ ಮೂಡಿಸಲು "ಜ್" ನಂತರ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಬೇಕು. ಇಲ್ಲದಿದ್ದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ. ಅದೇ ಸಂಕೇತ ಹೆಸರಿನ ಕೊನೆಯ "ರ್" ನಂತರವೂ ಅಂಟಿಕೊಂಡಿದ್ದರೆ ಓದುವವರಿಗೆ ವ್ಯತ್ಯಾಸವೇ ಕಾಣದು, ಗಣಕಕ್ಕೆ ಮಾತ್ರ ಅವರು ಇನ್ನೊಬ್ಬ ವ್ಯಕ್ತಿ. "ಕೊ" ಅಕ್ಷರದ ಸ್ವರಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎರಡನ್ನು ಕೂಡಿಸಿಯೂ ಬರೆಯಬಹುದು. ಈ ಎರಡನೆಯ ತೊಡಕನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಬಗೆಹರಿಸುತ್ತದೆ, ಮೊದಲನೆಯದನ್ನು ಬಗೆಹರಿಸುವುದಿಲ್ಲ. ಗುರುತಿನ ಸಂಖ್ಯೆ ಎರಡನ್ನೂ ತಪ್ಪಿಸುತ್ತದೆ.

ಪುಟದ ವಿಳಾಸಕ್ಕೂ ಸಂಖ್ಯೆಯೇ ಕ್ಷೇಮ. ವಿಳಾಸದಲ್ಲಿ ಕನ್ನಡ ಅಕ್ಷರವಿದ್ದರೆ ನಕಲು ಮಾಡುವಾಗ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಷ್ಟು ಉದ್ದವಾಗಬಹುದು.

5. ಒಳಗೆ ಬರುವುದೆಲ್ಲ ಯೂನಿಕೋಡ್ ಆಗಿರಲಿ

ಪ್ರಬಂಧಗಳ ಸಾರಾಂಶ ಇಂದಿಗೂ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬರುವುದುಂಟು. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬಂದ ದಿನವೇ ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಕಡತಕ್ಕೆ ಸೇರಿಸಿ. ಪರಿವರ್ತಕಗಳು ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಎಡವುವುದುಂಟು.

ಎಕ್ಸೆಲ್‌ನಿಂದ ಸಿಎಸ್‌ವಿ ಪಡೆಯುವಾಗ ಯುಟಿಎಫ್-8 ಎಂದಿರುವ ಆಯ್ಕೆಯನ್ನೇ ಆರಿಸಿ. ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡಬಹುದು, ಅದನ್ನು ಮರಳಿ ಪಡೆಯಲಾಗದು. ಯುಟಿಎಫ್-8 ಆಯ್ಕೆ ಕಡತದ ತಲೆಯಲ್ಲಿ ಬಿಒಎಂ ಎಂಬ ಅದೃಶ್ಯ ಗುರುತನ್ನು ಸೇರಿಸುತ್ತದೆ. ಮೊದಲ ಕಾಲಂ ಮಾತ್ರ ಸಿಗುತ್ತಿಲ್ಲ ಎಂದು ಸ್ಕ್ರಿಪ್ಟ್ ತಕರಾರು ಮಾಡಿದರೆ ಮೊದಲು ಅದನ್ನೇ ನೋಡಿ.

6. ಮೊದಲು ತಪಾಸಣೆ, ಆಮೇಲೆ ಪುಟ

ಸರಳ ಪಠ್ಯದ ದೊಡ್ಡ ಲಾಭ ಇದೇ: ಮನುಷ್ಯರ ಕಣ್ಣು ತಪ್ಪಿಸಿಕೊಳ್ಳುವುದನ್ನು ಸ್ಕ್ರಿಪ್ಟ್ ಹಿಡಿಯುತ್ತದೆ. ಪುಟ ತಯಾರಿಸುವ ಮುನ್ನ ಇಷ್ಟನ್ನು ಪರೀಕ್ಷಿಸಲಿ: ಒಂದೇ ಸಭಾಂಗಣದಲ್ಲಿ ಎರಡು ಗೋಷ್ಠಿ ಡಿಕ್ಕಿ ಹೊಡೆಯುತ್ತಿವೆಯೇ? ಮುಖ್ಯ ವೇದಿಕೆ, ಸಮಾನಾಂತರ ವೇದಿಕೆ ಎರಡರಲ್ಲೂ ಒಂದೇ ಹೊತ್ತಿಗೆ ಒಬ್ಬರೇ ಮಾತನಾಡಬೇಕಾಗಿದೆಯೇ? ಊಟದ ಬಿಡುವಿನೊಳಗೆ ಯಾವುದಾದರೂ ಗೋಷ್ಠಿ ಚಾಚಿಕೊಂಡಿದೆಯೇ? ಗೋಷ್ಠಿಯಲ್ಲಿರುವ ಭಾಷಣಕಾರರ ಸಂಖ್ಯೆ ಆ ಕಡತದಲ್ಲಿ ಇದೆಯೇ?

ಡಿಕ್ಕಿ ಹಿಡಿಯುವ ಲೆಕ್ಕ ಒಂದೇ ಸಾಲಿನದು: ಎರಡರಲ್ಲಿ ಪ್ರತಿಯೊಂದೂ ಮತ್ತೊಂದು ಮುಗಿಯುವ ಮುನ್ನ ಶುರುವಾದರೆ ಡಿಕ್ಕಿ. 11:15ಕ್ಕೆ ಒಂದು ಮುಗಿದು 11:15ಕ್ಕೇ ಇನ್ನೊಂದು ಶುರುವಾದರೆ ತಪ್ಪಲ್ಲ. ತಪ್ಪು ಸಿಕ್ಕರೆ ಸ್ಕ್ರಿಪ್ಟ್ ಪುಟ ತಯಾರಿಸದೆ ನಿಲ್ಲಬೇಕು. ಸೂಚನೆಯೂ ತಿಳಿಗನ್ನಡದಲ್ಲಿರಲಿ: "107 ಮತ್ತು 112 ಎರಡೂ ಸಭಾಂಗಣ 2ರಲ್ಲಿ 11:00ಕ್ಕೆ ಇವೆ" ಎಂದರೆ ಯಾವ ಸ್ವಯಂಸೇವಕರೂ ಸರಿಪಡಿಸಬಲ್ಲರು.

7. ವಿಷಯ ಕಡತದಲ್ಲಿ, ರೂಪ ಟೆಂಪ್ಲೇಟಿನಲ್ಲಿ

ಬಣ್ಣ, ಅಂಚು, ಅಕ್ಷರದ ಗಾತ್ರ ಯಾವುದೂ ಮೂಲ ಕಡತಕ್ಕೆ ಕಾಲಿಡಬಾರದು. ಸಾರಾಂಶಕ್ಕೆ ಮಾರ್ಕ್‌ಡೌನ್ ಸಾಕು. 2008ರಿಂದ ಇರುವ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ ಎಂಬ ಪುಟ ತಯಾರಿಸುವ ಉಪಕರಣಗಳೆರಡರಲ್ಲೂ ಇಂಥ ದತ್ತಾಂಶ ಕಡತಗಳಿಗೆ ಪ್ರತ್ಯೇಕ ಫೋಲ್ಡರ್ ಇದೆ. ಪೈಥಾನ್ ಬಲ್ಲವರಿಗೆ ಜಿಂಜಾ ಟೆಂಪ್ಲೇಟ್ ಜೊತೆಗೊಂದು ಪುಟ್ಟ ಸ್ಕ್ರಿಪ್ಟ್ ಸಾಕು. ಹೊಸ ಉಪಕರಣದ ಬೆನ್ನು ಹತ್ತಬೇಡಿ, ನಿಮ್ಮ ತಂಡದಲ್ಲಿ ಕನಿಷ್ಠ ಇಬ್ಬರಿಗೆ ಬರುವುದನ್ನೇ ಆರಿಸಿ.

8. ಮೊಬೈಲ್ ಹಿಡಿದು ಓಡುವವರನ್ನು ನೆನೆಯಿರಿ

ಸಭಾಂಗಣಗಳನ್ನು ಅಡ್ಡಡ್ಡ ಹರಡಿದ ಕೋಷ್ಟಕ ದೊಡ್ಡ ತೆರೆಯಲ್ಲಿ ಚೆಂದ. ಮೊಬೈಲ್‌ನಲ್ಲಿ ಅದೇ ಮಾಹಿತಿ ಹೊತ್ತಿನ ಪ್ರಕಾರ ಕೆಳಕ್ಕಿಳಿಯುವ ಪಟ್ಟಿಯಾಗಲಿ. ಪುಟ ಹಗುರವಾಗಿರಲಿ, ನೂರಾರು ಜನ ಸೇರಿದ ಕಡೆ ನೆಟ್‌ವರ್ಕ್ ಏದುಸಿರು ಬಿಡುತ್ತದೆ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸಿ. ಆಗ ದೃಷ್ಟಿ ಸವಾಲಿರುವವರ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಯಲ್ಲೇ ಓದಬಲ್ಲದು. ಬಾಗಿಲಿಗೆ ಅಂಟಿಸುವ ಸಭಾಂಗಣವಾರು ಹಾಳೆಯೂ ಇದೇ ಕಡತದಿಂದ, ಬೇರೊಂದು ಟೆಂಪ್ಲೇಟ್ ಮೂಲಕ ಮುದ್ರಣವಾಗಲಿ.

9. ಕ್ಯಾಲೆಂಡರ್ ಕಡತವನ್ನೂ ಕೊಡಿ

ಐಕ್ಯಾಲೆಂಡರ್ ಮಾದರಿಯ ಕಡತ ಕೊಟ್ಟರೆ ಗೋಷ್ಠಿಗಳು ನೇರ ಮೊಬೈಲ್ ಕ್ಯಾಲೆಂಡರಿಗೆ ಇಳಿಯುತ್ತವೆ. ಇದರ ನಿಯಮಗಳಿರುವುದು 2009ರ ಆರ್‌ಎಫ್‌ಸಿ 5545ರಲ್ಲಿ. ಅದರ ಪ್ರಕಾರ ಸಾಲೊಂದು 75 ಬೈಟ್ ಮೀರಬಾರದು, ಮೀರಿದರೆ ಮಡಿಸಿ ಮುಂದಿನ ಸಾಲಿಗೆ ಒಯ್ಯಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಅಂದರೆ ಬರೀ 25 ಸಂಕೇತಕ್ಕೇ ಸಾಲು ತುಂಬುತ್ತದೆ, ನಮ್ಮ ಶೀರ್ಷಿಕೆಗಳು ಅದನ್ನು ಸುಲಭವಾಗಿ ದಾಟುತ್ತವೆ. ಅಕ್ಷರದ ನಟ್ಟನಡುವೆ ಮಡಿಸದ, ಪರೀಕ್ಷೆಗೆ ಒಳಗಾದ ಲೈಬ್ರರಿಯನ್ನೇ ಬಳಸಿ. ಗೋಷ್ಠಿಯ ಯುಐಡಿ, ಅಂದರೆ ಕ್ಯಾಲೆಂಡರ್ ಕಡತದಲ್ಲಿ ಅದರ ಗುರುತು, ಎಂದೂ ಬದಲಾಗದಿರಲಿ. ಬದಲಾದರೆ ಹಳೆಯದು ತಿದ್ದುಪಡಿಯಾಗುವ ಬದಲು ಹೊಸ ಗೋಷ್ಠಿಯೊಂದು ಹುಟ್ಟಿಕೊಳ್ಳುತ್ತದೆ.

ಆನ್‌ಲೈನಿನಲ್ಲಿ ಸೇರುವ ಅಮೆರಿಕದ ಕನ್ನಡಿಗರಿಗಾಗಿ ಕಾಲವಲಯವನ್ನು ಸ್ಪಷ್ಟವಾಗಿ ನಮೂದಿಸಿ. ನಮ್ಮ 10:30 ಎಂದರೆ ಯುಟಿಸಿ 05:00, ವರ್ಷವಿಡೀ ಹಾಗೆಯೇ. ಅಲ್ಲಿಯ ಬಹುತೇಕ ಊರುಗಳಲ್ಲಿ ಗಡಿಯಾರ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಬದಲಾಗುತ್ತದೆ, ಆ ಲೆಕ್ಕ ಗಣಕಕ್ಕೇ ಇರಲಿ.

10. ರದ್ದಾದುದನ್ನು ಅಳಿಸಬೇಡಿ, ಮುಗಿದುದನ್ನು ಎಸೆಯಬೇಡಿ

ಗೋಷ್ಠಿ ರದ್ದಾದರೆ ಸ್ಥಿತಿಯ ಸಾಲಿನಲ್ಲಿ "ರದ್ದು" ಎಂದು ಬರೆಯಿರಿ, ಪುಟ ಹಾಗೆಯೇ ಉಳಿಯಲಿ. ಕೊಂಡಿ ಒತ್ತಿದವರಿಗೆ ಖಾಲಿ ಪುಟದ ಬದಲು ನಿಜ ಸಂಗತಿ ತಿಳಿಯುತ್ತದೆ. ಕೊನೆಯ ಬಾರಿ ತಿದ್ದಿದ ಹೊತ್ತನ್ನು ಪ್ರತಿ ಪುಟದಲ್ಲೂ, ಮುದ್ರಿತ ಹಾಳೆಯಲ್ಲೂ ಕಾಣಿಸಿ. ಕಡತಗಳನ್ನು ಗಿಟ್‌ನಲ್ಲಿಡಿ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದು ದಾಖಲಾಗುತ್ತದೆ, ಬೇಕಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಸಮ್ಮೇಳನ ಮುಗಿದ ಮೇಲೆ ಅದೇ ತುಂಡುಗಳಿಗೆ ವೀಡಿಯೊ, ಸ್ಲೈಡ್‌ಗಳ ಕೊಂಡಿ ಸೇರಿಸಿ. ಫಾಸ್‌ಡೆಮ್ ಹಳೆಯ ವರ್ಷಗಳ ಪುಟಗಳನ್ನೂ ಹೀಗೆಯೇ ಕಾಪಿಟ್ಟಿದೆ. ವೇಳಾಪಟ್ಟಿ ಆಗ ಆ ಸಮ್ಮೇಳನದ ಚರಿತ್ರೆಯಾಗುತ್ತದೆ.

ಇಷ್ಟನ್ನೂ ಒಮ್ಮೆಗೇ ಮಾಡಬೇಕಿಲ್ಲ. ಕಳೆದ ವರ್ಷದ ಆಮಂತ್ರಣ ಪತ್ರಿಕೆಯಿಂದ ಮೂರು ಗೋಷ್ಠಿಗಳನ್ನು ಪಠ್ಯ ಕಡತಕ್ಕೆ ಇಳಿಸಿ, ಪುಟವೊಂದನ್ನು ತಯಾರಿಸಿ ನೋಡಿ. ಒಂದರ ಸಮಯ ಬದಲಿಸಿ ಮತ್ತೆ ತಯಾರಿಸಿ. ಪುಟ, ಕ್ಯಾಲೆಂಡರ್, ಬಾಗಿಲ ಹಾಳೆ ಮೂರೂ ಒಂದೇ ಮಾತು ಹೇಳಿದರೆ ನಿಮ್ಮ ಅಡಿಪಾಯ ಗಟ್ಟಿಯಾಗಿದೆ. ಉಳಿದ ಗೋಷ್ಠಿಗಳನ್ನು ಧೈರ್ಯವಾಗಿ ಸೇರಿಸುತ್ತ ಹೋಗಿ. ಕಾಪಿ-ಪೇಸ್ಟಿನಲ್ಲಿ ಸವೆಯುತ್ತಿದ್ದ ಸ್ವಯಂಸೇವಕರ ಹೊತ್ತು ದೂರದಿಂದ ಬಂದ ಅತಿಥಿಗಳಿಗೂ ಕೇಳುಗರಿಗೂ ಸಲ್ಲಲಿ.